ತುದಿಯ ಮೆಟ್ಟಿಲು

ಪೊನ್ನಂಪೇಟೆ ಕಾಲೇಜಿನ ಹಾಲ್‌ನಲ್ಲಿ ಎಣಿಕೆ.
ಡ್ರಾಯಿಂಗ್ ಮೇಷ್ಟ್ರಿಗೆ ಏಳನೇ ಮೇಜು.
ಆದೇಶದಲ್ಲಿ ನನ್ನ ಹೆಸರು ತಪ್ಪಾಗಿ ಅಚ್ಚಾಗಿತ್ತು,
ತಂದೆಯ ಹೆಸರು ಕೂಡ.
ಆದರೂ ಅದು ನಾನೇ ಎಂದು ಎಲ್ಲರೂ ಒಪ್ಪಿದರು,
ಚಹಾ ಕೊಟ್ಟರು, ಬ್ಯಾಡ್ಜು ಚುಚ್ಚಿದರು.

ಪೆಟ್ಟಿಗೆ ಬೋರಲು ಬಿತ್ತು.
ಮಂಜಿಗೆ ಮೆತ್ತಗಾದ ಕಾಗದಗಳು,
ಒಂದೊಂದಕ್ಕೂ ಅದರದೇ ಮಡಿಕೆ:
ಪಂಚೆ ಮಡಚಿದ ಹಾಗೆ ಉದ್ದಕ್ಕೊಂದು,
ಆಸ್ಪತ್ರೆ ಚೀಟಿಯ ಹಾಗೆ ನಾಲ್ಕಾಗಿ ಒಂದು,
ಇನ್ನೊಂದು ಬೆವರಿದ ಮುಷ್ಟಿಯೊಳಗೆ ಉಂಡೆಯಾಗಿ
ಆಮೇಲೆ ನೆನಪಾಗಿ ಬಿಡಿಸಿದ್ದು.

ಬಾಣದ ಮೊಹರು ಜಾಣ ಮೊಹರು.
ಒದ್ದೆ ಶಾಯಿ ಮಡಿಕೆಯಾಚೆಗೆ ಅಂಟಿದರೆ
ನೆರಳಿನ ಬಾಣ ತಿರುವುಮುರುವಾಗಿ ತಿರುಗುತ್ತದೆ.
ಎರಡು ಗುರುತು, ರದ್ದು ಮಾಡಿ, ಎಂದ ಏಜೆಂಟ್ ಕುಂಞಮ್ಮದನಿಗೆ
ಕಿಟಕಿಗೆ ಹಿಡಿದು ತೋರಿಸಿದೆ:
ಇದು ಮುಖ, ಇದು ಕನ್ನಡಿ.
ಅವನು ಕನ್ನಡಕ ಹಣೆಗೇರಿಸಿ ನೋಡಿದ, ಹೂಂ ಎಂದ.
ಒಂದು ಮತ ಬದುಕಿತು.

ಗೆರೆಯ ಮೇಲೆ ಬಿದ್ದದ್ದಕ್ಕೆ ಕನ್ನಡಿಯಿಲ್ಲ.

ಹನ್ನೊಂದು ಹೆಸರು, ಒಂದೇ ಹಾಳೆ.
ಟಾರ್ಚು ಚಿಣ್ಣಪ್ಪನದು, ಅದರ ಕೆಳಗೇ
ಚೋಂದಮ್ಮನ ಏಣಿ.
ನಡುವೆ ಬೂದು ಪಟ್ಟಿಯೊಂದು ಇರಬೇಕಿತ್ತು, ಬೆರಳಗಲ.
ಇತ್ತು, ನೂಲಿನಷ್ಟು.
ಏಣಿ ಮನೆಯ ತುಂಬ ನಿಂತಿತ್ತು,
ತಲೆ ಮೇಲಿನ ಗೆರೆಗೆ ತಾಗುವಂತೆ.

ಮತ್ತೆ ಮತ್ತೆ ಅದೇ ಜಾಗ.
ಮೊಹರು ಏಣಿಯ ತುದಿಗೆ,
ಅರ್ಧ ಏಣಿಯಲ್ಲಿ, ಅರ್ಧ ಟಾರ್ಚಿನಲ್ಲಿ.
ಆರನೆಯದನ್ನು ಬಿಡಿಸುವಾಗ ಹೊಳೆಯಿತು:
ಇದು ಲೈನ್‌ಮನೆಗಳ ವಾರ್ಡು.
ಬಿದಿರೇಣಿ ಹೆಗಲಿಗಿಟ್ಟು ಮರದಿಂದ ಮರಕ್ಕೆ ಹೋಗುವವರು
ಬುಡದಲ್ಲಿ ಯಾಕೆ ಒತ್ತಿಯಾರು?
ಮೆಣಸು ಇರುವುದು ತುದಿಯಲ್ಲಲ್ಲವೇ.

ಚುನಾವಣಾಧಿಕಾರಿ ಶಾಂಭವಿ ಮೇಡಂ ಒಳ್ಳೆಯವರು.
ಒಂದೊಂದನ್ನೂ ಬೆಳಕಿಗೆ ಹಿಡಿದರು, ಉಸಿರೆಳೆದರು,
'ಮನಸ್ಸು ಗೊತ್ತಾಗುತ್ತೆ ಮೇಷ್ಟ್ರೇ,
ನಿಯಮಕ್ಕೆ ಗೊತ್ತಾಗಲ್ಲ.'
ಆಮೇಲೆ ಇನ್ನೊಂದು ಮೊಹರು ತೆಗೆದರು.
ತಿರಸ್ಕೃತ.
ಅದಕ್ಕೆ ಗೆರೆಯಿಲ್ಲ, ಮನೆಯಿಲ್ಲ, ಅಂಚಿಲ್ಲ,
ಬೆನ್ನಿನ ಇಡೀ ಬಿಳುಪು ಅದರದೇ.
ಒಮ್ಮೆಯೂ ಗುರಿ ತಪ್ಪಲಿಲ್ಲ.

ಹೇಳಿಬಿಡುತ್ತೇನೆ.
ಕರಡು ಹಾಳೆ ಅಚ್ಚಿಗೆ ಹೋಗುವ ಮುನ್ನ
ತಾಲ್ಲೂಕು ಕಚೇರಿಯ ಗುಮಾಸ್ತ ನನ್ನ ಬಳಿ ತಂದಿದ್ದ:
'ನಿಮ್ಮ ಕಣ್ಣು ಚುರುಕು ಸಾರ್, ಒಮ್ಮೆ ನೋಡಿಕೊಡಿ.'
ನೋಡಿದೆ. ಪಟ್ಟಿಗಳು ದಪ್ಪ, ಹಾಳೆಗೆ ಭಾರ ಎಂದೆ.
ಏಣಿ ಕುಳ್ಳಗಿದೆ, ಎಳೆಯಿರಿ ಮೇಲಕ್ಕೆ ಎಂದೆ.
ಪೆನ್ಸಿಲಿನಲ್ಲಿ ತೋರಿಸಿಯೂ ಕೊಟ್ಟೆ.
ಎಷ್ಟು ಚೆಂದ ಆಯ್ತು ಎಂದು ಹೋದ.
ನಲವತ್ತು ಮಕ್ಕಳಿಗೆ ಇಪ್ಪತ್ತು ವರ್ಷದಿಂದ
ಅಂಚು ಬಿಡಿ, ಅಂಚು ಬಿಡಿ ಎನ್ನುವವನು ನಾನು.

ಚಿಣ್ಣಪ್ಪ ಗೆದ್ದ, ಮೂರು ಮತದಿಂದ.
ತಿರಸ್ಕೃತದ ಕಟ್ಟಿನಲ್ಲಿ ನಲವತ್ತೊಂದು.
ದಾರ ಬಿಗಿದು ಅರಗು ಹಾಕಿದರು,
ಹೊರಗೆ ಪಟಾಕಿ, ಯಾರದೋ ಜೀಪಿನ ಹಾರನ್ನು.

ಭಾನುವಾರ ತೋಟದ ದಾರಿಯಲ್ಲಿ ಹೋಗುತ್ತಿದ್ದಾಗ
ಮೇಲಿನಿಂದ ಯಾರೋ ಕರೆದರು.
ಎರವರ ಪಾಲಿ, ಸಿಲ್ವರ್ ಓಕಿಗೆ ಏಣಿ ಒರಗಿಸಿ,
ಸೊಂಟಕ್ಕೆ ಚೀಲ, ಬಳ್ಳಿಯೊಳಗೆ ಅರ್ಧ ಮುಖ.
'ಸಾರ್, ನಮ್ಮ ಏಣಿ ಎಷ್ಟಕ್ಕೆ ಸೋತಿತು?'
'ಮೂರಕ್ಕೆ.'
ಯಾರ ಹಾಳೆ ಯಾವುದೋ, ಬ್ರಹ್ಮನಿಗೂ ತಿಳಿಯದು.
ತಿಳಿಯಬಾರದು.

'ಮೂರಾ,' ಎಂದಳು, ಗೊನೆ ಕಿತ್ತು ಚೀಲಕ್ಕೆ ಹಾಕುತ್ತ,
'ನಾನು ಹೋಗಿ ಹಾಕಿದ್ದೇ ಒಳ್ಳೇದಾಯ್ತು.
ಇಲ್ಲಾಂದ್ರೆ ನಾಲ್ಕಾಗ್ತಿತ್ತು.'